ಮೂಳೆಯ ಸವಕಳಿ ಅಳೆಯುವ ರಕ್ತಪರೀಕ್ಷೆ: ಎರಡು ಲ್ಯಾಬು, ಮೂರು ಬೆಳಗು

ನನ್ನ ತಾಯಿಗೆ 68 ವರ್ಷ. ಹಿಂದೊಂದು ಮಳೆಗಾಲದಲ್ಲಿ ಮೈಸೂರಿನ ನಮ್ಮ ಮನೆಯ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದು, ಕೈಯೂರಿದ ರಭಸಕ್ಕೆ ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲ್ಲ ಮುಗಿಯಿತೆಂದು ನಾವು ಸುಮ್ಮನಾಗಿದ್ದೆವು. ವರ್ಷ ಕಳೆದ ಮೇಲೆ ಮೊಣಕಾಲು ನೋವಿಗೆಂದು ಹೋದಾಗ, ಹಳೆಯ ಮುರಿತದ ವಿಷಯ ಕೇಳಿದ ಮೂಳೆ ಡಾಕ್ಟರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ ಟಿ ಸ್ಕೋರ್, ಸೊಂಟದ್ದು ಮೈನಸ್ 2.9 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಎಂಬ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದಿದ್ದು, ಇವತ್ತಿಗೂ ಅದೇ ಬಳಕೆಯಲ್ಲಿದೆ. ಅಲ್ಲಿಂದ ನಮ್ಮನ್ನು ಎಂಡೋಕ್ರಿನಾಲಜಿ, ಅಂದರೆ ಹಾರ್ಮೋನುಗಳ ತಜ್ಞೆಯೊಬ್ಬರ ಬಳಿಗೆ ಕಳಿಸಿದರು. ಅವರು ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ, ಕಡಿಮೆಯಿದ್ದ ವಿಟಮಿನ್ ಡಿಯನ್ನು ಸರಿಪಡಿಸಿ, ಮಾತ್ರೆ ಶುರು ಮಾಡುವ ಮುನ್ನ ಎರಡು ರಕ್ತಪರೀಕ್ಷೆ ಬರೆದರು: ಸಿಟಿಎಕ್ಸ್ ಮತ್ತು ಪಿ1ಎನ್‌ಪಿ. ಬೋನ್ ಟರ್ನ್‌ಓವರ್ ಮಾರ್ಕರ್ ಎಂದು ಕರೆಯುವುದು ಇವನ್ನೇ.

ಈ ಪರೀಕ್ಷೆಯನ್ನು ನಾವು ಈವರೆಗೆ ಮೂರು ಬಾರಿ ಮಾಡಿಸಿದ್ದೇವೆ. ಮೊದಲ ಸಲ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬಿನಲ್ಲಿ, ಉಳಿದೆರಡು ಸಲ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಎರಡರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ. ಇಷ್ಟು ದುಡ್ಡು ಕೊಟ್ಟು ಮಾಡಿಸುವ ಪರೀಕ್ಷೆಯಲ್ಲಿ ಏನು ಸರಿಯಾಗಿರಬೇಕು ಎಂಬುದನ್ನು, ನಮ್ಮಂತೆ ಮೊದಲ ಸಲ ಚೀಟಿ ಹಿಡಿದು ಹೊರಡುವವರಿಗೆ ತಿಳಿಸುವುದಷ್ಟೇ ನನ್ನ ಉದ್ದೇಶ.

ಮೂಳೆ ಒಮ್ಮೆ ಕಟ್ಟಿ ಬಿಟ್ಟ ಕಂಬವಲ್ಲ. ವಯಸ್ಕರ ಮೂಳೆಯಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಭಾಗ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಆ ಗುಳಿಯಲ್ಲಿ ಹೊಸದನ್ನು ತುಂಬುತ್ತವೆ. ಹಳೆಯ ಗೋಡೆ ಕೆಡವಿದಾಗ ಬೀಳುವ ಹೆಂಟೆಗಳಂತೆ, ಮೂಳೆ ಕರಗುವಾಗ ಅದರಲ್ಲಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ಚೂರುಗಳು ರಕ್ತಕ್ಕೆ ಸೇರುತ್ತವೆ; ಸಿಟಿಎಕ್ಸ್ ಅಳೆಯುವುದು ಆ ಚೂರುಗಳನ್ನು. ಹೊಸ ಬಾಗಿಲು ಕೂರಿಸುವಾಗ ಬಡಗಿ ಅಳತೆಗೆ ಹೆಚ್ಚಾದ ತುದಿಯನ್ನು ಕತ್ತರಿಸಿ ಹಾಕುವಂತೆ, ಹೊಸ ಕೊಲ್ಯಾಜನ್ ಕೂರುವಾಗಲೂ ಅದರ ತುದಿಗಳು ಕತ್ತರಿಸಿ ಬೀಳುತ್ತವೆ. ಪಿ1ಎನ್‌ಪಿ ಅಂಥ ಒಂದು ತುದಿಯ ಲೆಕ್ಕ. ಮೊದಲನೆಯದು ಕೆಡವುವ ವೇಗ, ಎರಡನೆಯದು ಕಟ್ಟುವ ವೇಗ. ಇಂಥ ಮಾರ್ಕರ್‌ಗಳು ಹಲವಿದ್ದರೂ, ಹೋಲಿಕೆಗೆ ಎಲ್ಲರೂ ಈ ಎರಡನ್ನೇ ಆಧಾರವಾಗಿ ಬಳಸಬೇಕೆಂದು ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನ ಮತ್ತು ಲ್ಯಾಬ್ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 2011ರಲ್ಲಿ ಶಿಫಾರಸು ಮಾಡಿದವು.

ಈಗ ಮೊದಲ ಬೆಳಗಿನ ವಿಷಯ. ಆ್ಯಪ್‌ನಲ್ಲಿ 7ರಿಂದ 8ರ ಸಮಯ ಆರಿಸಿ ದುಡ್ಡು ಕಟ್ಟಿದ್ದೆ. ಎರಡೂ ಪರೀಕ್ಷೆ ಸೇರಿ ರಿಯಾಯಿತಿ ಕಳೆದು 3,900 ರೂಪಾಯಿ. ಪರೀಕ್ಷೆಯ ವಿವರದ ಪುಟದಲ್ಲಿ ಖಾಲಿ ಹೊಟ್ಟೆ ಅಗತ್ಯವಿಲ್ಲ ಎಂದೇ ಬರೆದಿತ್ತು. ಎಂಟು ಗಂಟೆಯಾದರೂ ಯಾರೂ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ಇನ್ನು ಅರ್ಧ ಗಂಟೆ ಎಂಬ ಉತ್ತರ ಬರುತ್ತಿತ್ತು. ಅಮ್ಮ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅವರಿಗೆ ಸಂಕಟವಾಗುತ್ತದೆ. ಒಂಬತ್ತೂಕಾಲಿಗೆ ಮಜ್ಜಿಗೆ ಬೆರೆಸಿದ ಒಂದು ಲೋಟ ರಾಗಿ ಗಂಜಿ ಕುಡಿದು ಮಾತ್ರೆ ತೆಗೆದುಕೊಂಡರು. ಲ್ಯಾಬಿನ ಹುಡುಗ ಬಂದದ್ದು 10:40ಕ್ಕೆ. ತಿಂಡಿ ಆಗಿದೆಯೇ ಎಂದು ಅವನು ಕೇಳಲಿಲ್ಲ, ಪುಟದಲ್ಲಿ ಬೇಡವೆಂದು ಬರೆದಿದ್ದರಿಂದ ನಾನೂ ಹೇಳಲಿಲ್ಲ. ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಹೆಗಲ ಚೀಲಕ್ಕೆ ಹಾಕಿಕೊಂಡು, ಇನ್ನೂ ಮೂರು ಮನೆ ಬಾಕಿ ಇದೆ ಎಂದು ಹೇಳಿ ಹೊರಟ. ಅವನ ಕೈ ಹಗುರವಾಗಿತ್ತು, ಸೂಜಿ ಚುಚ್ಚಿದ್ದು ಅಮ್ಮನಿಗೆ ತಿಳಿಯಲೇ ಇಲ್ಲ. ಅಷ್ಟು ಒಳ್ಳೆಯ ಮಾತನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಮರುದಿನ ಸಂಜೆ ವಾಟ್ಸಾಪ್‌ಗೆ ವರದಿ ಬಂತು. ಸಿಟಿಎಕ್ಸ್ 364 ಪಿಕೋಗ್ರಾಂ, ಪಿ1ಎನ್‌ಪಿ 66.1 ನ್ಯಾನೋಗ್ರಾಂ. ಎಲ್ಲಿಯೂ ಕೆಂಪು ಗುರುತಿರಲಿಲ್ಲ. ನಾನು ಎಷ್ಟು ನೆಮ್ಮದಿಪಟ್ಟೆನೆಂದರೆ, ಮಾತ್ರೆಯ ಅಗತ್ಯವೇ ಇಲ್ಲವೇನೋ ಎಂದು ಅಮ್ಮನ ಮುಂದೆ ಹೇಳಿಯೂಬಿಟ್ಟಿದ್ದೆ.

ಡಾಕ್ಟರು ವರದಿಯಲ್ಲಿ ಮೊದಲು ನೋಡಿದ್ದು ಅಂಕಿಯನ್ನಲ್ಲ. ಮೇಲ್ಗಡೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ, ಸ್ಯಾಂಪಲ್ ತೆಗೆದ ಸಮಯ 10:47 ಎಂಬ ಸಾಲಿನ ಮೇಲೆ ಪೆನ್ನು ಇಟ್ಟು, “ಅಷ್ಟು ಹೊತ್ತಿಗೆ ತಿಂಡಿ ಆಗಿತ್ತಾ, ಅಮ್ಮಾ?” ಎಂದು ಕೇಳಿದರು. ಗಂಜಿಯ ವಿಷಯ ಹೇಳಿದೊಡನೆ, ಈ ಸಿಟಿಎಕ್ಸ್ ಅನ್ನು ಆಧಾರವಾಗಿ ಇಟ್ಟುಕೊಳ್ಳಲು ಆಗುವುದಿಲ್ಲ, ಇನ್ನೊಮ್ಮೆ ಮಾಡಿಸಿ ಎಂದರು. ಅವರು ಕೊಟ್ಟ ವಿವರಣೆ ಇಷ್ಟು. ಮೂಳೆ ಕರಗುವ ವೇಗ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ರಾತ್ರಿಯ ಕೊನೆಯ ಜಾವದಲ್ಲಿ ಏರಿ, ಬೆಳಕು ಹರಿದ ಮೇಲೆ ಇಳಿಯುತ್ತ ಹೋಗಿ, ಮಧ್ಯಾಹ್ನದ ಸುಮಾರಿಗೆ ತೀರ ಕೆಳಗೆ ಬರುತ್ತದೆ. ಅದರ ಜೊತೆಗೆ ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳಿನಿಂದ ಹೊರಡುವ ಹಾರ್ಮೋನುಗಳು ಮೂಳೆ ಕರಗುವುದನ್ನು ಕೆಲವು ಗಂಟೆ ತಗ್ಗಿಸುತ್ತವೆ. ಹಾಗಾಗಿ ರಾತ್ರಿ ಊಟದ ನಂತರ ಏನೂ ತಿನ್ನದೆ, ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ ತೆಗೆದ ರಕ್ತವೇ ಸಿಟಿಎಕ್ಸ್‌ಗೆ ಬೇಕು. ಪಿ1ಎನ್‌ಪಿಗೆ ಊಟದ ತೊಡಕಿಲ್ಲ, ಹೊತ್ತಿನಿಂದಾಗುವ ಏರಿಳಿತವೂ ಅಲ್ಪ. ಮುರಿತದ ತಾರೀಖನ್ನೂ ಅವರು ಕೇಳಿ ಬರೆದುಕೊಂಡರು, ಏಕೆಂದರೆ ಮುರಿದ ಮೂಳೆ ಕೂಡಿಕೊಳ್ಳುವಾಗ ಎರಡೂ ಅಂಕಿಗಳು ಏರಿ, ಹಲವು ತಿಂಗಳು ಹಾಗೆಯೇ ಇರಬಹುದು. ಕ್ರಿಯಾಟಿನಿನ್ ಮೊದಲೇ ನೋಡಿದ್ದಕ್ಕೂ ಕಾರಣವಿತ್ತು: ಮೂತ್ರಪಿಂಡ ದುರ್ಬಲವಾಗಿದ್ದರೆ ಸಿಟಿಎಕ್ಸ್ ದೇಹದಿಂದ ಹೊರಹೋಗದೆ ರಕ್ತದಲ್ಲಿ ಕೂಡಿಕೊಂಡು ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ.

ಎರಡನೆಯ ಬೆಳಗಿಗೆ ಆಟೋ ಮಾಡಿಕೊಂಡು ಆಸ್ಪತ್ರೆಯ ಲ್ಯಾಬಿಗೇ ಹೋದೆವು. ಬಾಗಿಲು ಏಳಕ್ಕೆ ತೆರೆಯುತ್ತದೆ, ಟೋಕನ್ ಪದ್ಧತಿ. ಬಿಲ್ಲು 5,200 ರೂಪಾಯಿ, ಮೊದಲಿನದಕ್ಕಿಂತ 1,300 ಹೆಚ್ಚು. ರಕ್ತ ತೆಗೆದ ಟೆಕ್ನಿಷಿಯನ್ ಮಧ್ಯವಯಸ್ಸಿನ ಹೆಂಗಸು. ಚೀಟಿ ಓದಿದವರೇ, “ರಾತ್ರಿ ಎಷ್ಟು ಗಂಟೆಗೆ ಊಟ ಮಾಡಿದ್ರಿ ಅಮ್ಮಾ? ಬೆಳಿಗ್ಗೆ ಕಾಫಿ ಏನಾದ್ರೂ ಆಯ್ತಾ?” ಎಂದು ಕೇಳಿ, ಉತ್ತರವನ್ನು ಚೀಟಿಯ ಮೂಲೆಯಲ್ಲಿ ಬರೆದುಕೊಂಡರು. ಆಮೇಲೆ ಕೇಳಿದ ಪ್ರಶ್ನೆ ನಮಗೆ ವಿಚಿತ್ರವೆನಿಸಿತು: “ಕೂದಲಿಗೆ, ಉಗುರಿಗೆ ಅಂತ ಯಾವುದಾದ್ರೂ ಮಾತ್ರೆ ತಗೊಳ್ತೀರಾ?” ಅಮ್ಮ ಇಲ್ಲವೆಂದರು. ಕಾರಣ ಕೇಳಿದಾಗ, ಅಂಥ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಹೆಚ್ಚು ಪ್ರಮಾಣದಲ್ಲಿ ಇರುವುದುಂಟು, ಕೆಲವು ಯಂತ್ರಗಳು ಪರೀಕ್ಷೆಯಲ್ಲಿ ಅದೇ ಬಯೋಟಿನ್ನನ್ನು ಕೊಂಡಿಯಾಗಿ ಬಳಸುವುದರಿಂದ ರಕ್ತದಲ್ಲೂ ಅದು ತುಂಬಿದ್ದರೆ ಈ ಪರೀಕ್ಷೆಗಳ ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ, ತೆಗೆದುಕೊಳ್ಳುವವರಾದರೆ ಎರಡು ದಿನ ಬಿಟ್ಟು ಬರಲು ಹೇಳುತ್ತೇವೆ ಎಂದು ವಿವರಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಬಯೋಟಿನ್ ಕುರಿತು ಲ್ಯಾಬುಗಳಿಗೂ ವೈದ್ಯರಿಗೂ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಇಂಥ ಮಾತ್ರೆ ತಂದು ನುಂಗುವವರು ಮನೆಗೊಬ್ಬರು ಸಿಗುತ್ತಾರೆ. ಈ ಒಂದು ಪ್ರಶ್ನೆ ಕೇಳುವ ಲ್ಯಾಬಿಗೆ ನಾನು ಕಣ್ಣು ಮುಚ್ಚಿ 1,300 ರೂಪಾಯಿ ಹೆಚ್ಚು ಕೊಡುತ್ತೇನೆ.

ಅವರು ಬಳಸಿದ್ದು ನೇರಳೆ ಮುಚ್ಚಳದ ಟ್ಯೂಬು. ಅದರೊಳಗಿನ ಇಡಿಟಿಎ ಎಂಬ ರಾಸಾಯನಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಸಿಟಿಎಕ್ಸ್ ಕೂಡ ಅದರಲ್ಲಿ ಹೆಚ್ಚು ಹೊತ್ತು ಕೆಡದೆ ಉಳಿಯುತ್ತದೆ. ಟ್ಯೂಬನ್ನು ಅಲ್ಲಾಡಿಸದೆ, ಮೆಲ್ಲಗೆ ಏಳೆಂಟು ಸಲ ಮೇಲೆ ಕೆಳಗೆ ಮಾಡಿ, ಲೇಬಲ್ ಅಂಟಿಸಿ, ಗೋಡೆಯ ಗಡಿಯಾರ ನೋಡಿ 7:42 ಎಂದು ಬರೆದರು. ಜೋರಾಗಿ ಅಲ್ಲಾಡಿಸಿ ಕೆಂಪು ರಕ್ತಕಣ ಒಡೆದರೂ ಸಿಟಿಎಕ್ಸ್ ಕಡಿಮೆ ಬರುತ್ತದಂತೆ. ಇದೆಲ್ಲಕ್ಕೂ ಸೇರಿ ನಾಲ್ಕು ನಿಮಿಷ ಹಿಡಿದಿರಬಹುದು. ವರದಿ ಮಾತ್ರ ಮೂರನೆಯ ದಿನ ಸಿಕ್ಕಿತು. ಈ ಪರೀಕ್ಷೆಗೆ ಬರುವವರು ಕಡಿಮೆಯಾದ್ದರಿಂದ ವಾರಕ್ಕೆ ಎರಡು ದಿನ ಮಾತ್ರ ಒಟ್ಟಿಗೆ ಮಾಡುತ್ತೇವೆಂದು ಮೊದಲೇ ಹೇಳಿದ್ದರು, ಹೇಳಿದ ಹೊತ್ತಿಗೆ ಕೊಟ್ಟರು ಕೂಡ.

ಈ ಸಲ ಸಿಟಿಎಕ್ಸ್ 0.587 ನ್ಯಾನೋಗ್ರಾಂ, ಪಿ1ಎನ್‌ಪಿ 68.4. ವರದಿಯ ಫೋಟೋ ನೋಡಿದ ಬೆಂಗಳೂರಿನ ನನ್ನ ತಮ್ಮ ಗಾಬರಿಯಿಂದ ಫೋನ್ ಮಾಡಿದ: “ಅಕ್ಕಾ, ಹೋದ ವಾರ 364 ಇತ್ತು, ಈಗ ಒಂದಕ್ಕಿಂತ ಕೆಳಗೆ ಬಂದಿದೆ, ಯಾವುದೋ ತಪ್ಪಾಗಿದೆ.” ತಪ್ಪಾಗಿರಲಿಲ್ಲ. ಮೊದಲ ಲ್ಯಾಬು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಎಂದು ಬರೆಯುತ್ತದೆ, ಎರಡನೆಯದು ಇಷ್ಟು ನ್ಯಾನೋಗ್ರಾಂ ಎಂದು. ಒಂದು ನ್ಯಾನೋಗ್ರಾಂ ಎಂದರೆ ಸಾವಿರ ಪಿಕೋಗ್ರಾಂ, ಆದ್ದರಿಂದ 0.587 ಎಂದರೆ 587. ಅಂಕಿ ಇಳಿದಿರಲಿಲ್ಲ, ಏರಿತ್ತು. ಗಂಜಿ ಕುಡಿದ ಬೆಳಗಿನ ಅಂಕಿ ಇದಕ್ಕಿಂತ ಶೇ. 38ರಷ್ಟು ಕಡಿಮೆಯಿತ್ತು. ಎರಡೂ ವರದಿಗಳಲ್ಲಿ ಪರೀಕ್ಷೆಯ ವಿಧಾನ ಒಂದೇ ಎಂದು ಅಚ್ಚಾಗಿದ್ದರೂ ಲ್ಯಾಬು ಬೇರೆ, ದಿನ ಬೇರೆ, ಟ್ಯೂಬು ಬೇರೆ. ಹಾಗಾಗಿ ಪೂರ್ತಿ ವ್ಯತ್ಯಾಸವನ್ನು ಗಂಜಿಯ ಮೇಲೆ ಹೊರಿಸಲಾಗದು. ಆದರೂ ಊಟಕ್ಕೆ ಜಗ್ಗದ ಪಿ1ಎನ್‌ಪಿ 66.1 ಮತ್ತು 68.4 ಎಂದು ಹೆಚ್ಚುಕಡಿಮೆ ಅಲ್ಲೇ ನಿಂತು, ಊಟಕ್ಕೂ ಹೊತ್ತಿಗೂ ಬಗ್ಗುವ ಸಿಟಿಎಕ್ಸ್ ಮಾತ್ರ ಅಷ್ಟು ದೂರ ಸರಿದದ್ದನ್ನು ನೋಡಿದಾಗ, ಡಾಕ್ಟರು ಹೇಳಿದ್ದು ಕಾಗದದ ಮೇಲೆಯೇ ಕಂಡಂತಾಯಿತು.

ಎರಡೂ ಲ್ಯಾಬುಗಳ ಮೇಲೆ ನನಗಿರುವ ಒಂದು ಆಕ್ಷೇಪ ವರದಿಯ ಸಾಮಾನ್ಯ ಮಿತಿ ಎಂಬ ಕಲಮಿನ ಕುರಿತದ್ದು. ಮುಟ್ಟು ನಿಂತ ಹೆಂಗಸರಿಗೆ ಸಿಟಿಎಕ್ಸ್ ಮಿತಿಯನ್ನು ಸುಮಾರು 1.0 ನ್ಯಾನೋಗ್ರಾಂವರೆಗೆ ಕೊಟ್ಟಿರುತ್ತಾರೆ. ಮುಟ್ಟು ನಿಂತ ಮೇಲೆ ಮೂಳೆ ಕರಗುವ ವೇಗ ಬಹುತೇಕ ಎಲ್ಲರಲ್ಲೂ ಹೆಚ್ಚುತ್ತದೆ, ಆ ವಯಸ್ಸಿನವರನ್ನೇ ಅಳೆದು ಮಿತಿ ಹಾಕಿದರೆ ಅದು ಅಗಲವಾಗಿರುವುದು ಸಹಜ. ಆ ಮಿತಿಯೊಳಗಿದೆ ಎಂದರೆ ಆ ವಯಸ್ಸಿನವರಲ್ಲಿ ಕಾಣುವ ಅಂಕಿ ಎಂದರ್ಥ, ಮೂಳೆ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಟಿ ಸ್ಕೋರ್ ಮೈನಸ್ 2.9 ಇದ್ದ ನನ್ನ ತಾಯಿಯ ಎರಡೂ ವರದಿಗಳು ಸಾಮಾನ್ಯ ಎಂದೇ ಬಂದವು. ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವುದು ಈ ಪರೀಕ್ಷೆಯ ಕೆಲಸವಲ್ಲ, ಅದಕ್ಕೆ ಡೆಕ್ಸಾ ಸ್ಕ್ಯಾನೇ ಬೇಕು ಎಂಬ ಒಂದು ಸಾಲನ್ನು ವರದಿಯ ಕೆಳಗೆ ಅಚ್ಚು ಹಾಕಿಸಲು ಯಾರಿಗೂ ಕಷ್ಟವಾಗಬಾರದು. ಆ ಒಂದು ಸಾಲು ಇಲ್ಲದ್ದರಿಂದ ನಾನು ಅಮ್ಮನಿಗೆ ಮಾತ್ರೆ ಬೇಡವೆನ್ನುವ ತನಕ ಹೋಗಿದ್ದೆ.

ಹಾಗಾದರೆ ಇದು ಯಾವುದಕ್ಕೆ ಬೇಕು? ಔಷಧಿ ಕೆಲಸ ಮಾಡುತ್ತಿದೆಯೇ ಎಂದು ಬೇಗ ತಿಳಿಯುವುದಕ್ಕೆ. ಡೆಕ್ಸಾದಲ್ಲಿ ಮೂಳೆಯ ಸಾಂದ್ರತೆ ಬದಲಾದದ್ದು ನಂಬುವಷ್ಟು ಸ್ಪಷ್ಟವಾಗಿ ಕಾಣಲು ಒಂದೆರಡು ವರ್ಷ ಬೇಕು. ಸಿಟಿಎಕ್ಸ್ ಮತ್ತು ಪಿ1ಎನ್‌ಪಿ ಮೂರು ತಿಂಗಳಲ್ಲೇ ಉತ್ತರ ಕೊಡುತ್ತವೆ. ಅಮ್ಮನಿಗೆ ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೋನೇಟ್ ಮಾತ್ರೆ ಕೊಟ್ಟಿದ್ದಾರೆ. ಅದು ಮೂಳೆ ಕರಗುವುದನ್ನು ತಗ್ಗಿಸುತ್ತದೆ, ಗುಳಿ ಕಡಿಮೆಯಾದಂತೆ ತುಂಬುವ ಕೆಲಸವೂ ಕಡಿಮೆಯಾಗಿ ಎರಡೂ ಅಂಕಿಗಳು ಇಳಿಯುತ್ತವೆ. ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ, ಕುಡಿಯದೆ ಇರಬೇಕು. ನಿಯಮ ಸರಿಯಾಗಿ ಪಾಲಿಸಿದರೂ ನುಂಗಿದ್ದರಲ್ಲಿ ತೀರ ಅಲ್ಪ ಭಾಗವಷ್ಟೇ ರಕ್ತಕ್ಕೆ ಸೇರುವ ಔಷಧಿ ಅದು. ಕಾಫಿಯ ಜೊತೆ ನುಂಗಿದರೆ ಅಷ್ಟೂ ಸೇರುವುದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದರೂ ಸಿಟಿಎಕ್ಸ್ ಇಳಿಯದೆ ಇದ್ದಾಗ, ವಿಚಾರಿಸಿ ನೋಡಿದರೆ ಬೆಳಗಿನ ಕಾಫಿಯ ಜೊತೆಗೇ ಅದನ್ನು ನುಂಗುತ್ತಿದ್ದರು. ಇಂಥದ್ದನ್ನು ಸ್ಕ್ಯಾನ್ ಹೇಳುವ ಹೊತ್ತಿಗೆ ಎರಡು ವರ್ಷ ಕಳೆದುಹೋಗಿರುತ್ತದೆ. ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಜೋಲೆಡ್ರೋನಿಕ್ ಆಸಿಡ್ ಪಡೆಯುವವರಲ್ಲಿ ನುಂಗಿದರೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಅವರಿಗೆ ಈ ಖರ್ಚು ಎಷ್ಟು ಅಗತ್ಯ ಎಂದು ತಮ್ಮ ಡಾಕ್ಟರನ್ನು ಕೇಳಿಕೊಳ್ಳುವುದು ಒಳ್ಳೆಯದು. ಮೂಳೆ ಕಟ್ಟುವುದನ್ನೇ ಹೆಚ್ಚಿಸುವ, ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್‌ನಲ್ಲಿ ಲೆಕ್ಕವೇ ತಿರುಗುಮುರುಗು, ಅಲ್ಲಿ ಪಿ1ಎನ್‌ಪಿ ಏರಿದರೆ ಔಷಧಿ ಹಿಡಿದಿದೆ ಎಂದರ್ಥ.

ಮೂರನೆಯ ಬೆಳಗು, ಮಾತ್ರೆ ಶುರುವಾಗಿ ಸರಿಯಾಗಿ ಮೂರು ತಿಂಗಳಿಗೆ, ಅದೇ ಆಸ್ಪತ್ರೆಯ ಲ್ಯಾಬು. ಹೊತ್ತು 7:50, ಅದೇ ನೇರಳೆ ಟ್ಯೂಬು. ಲ್ಯಾಬು ಬದಲಿಸಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ಏಕೆಂದರೆ ಬೇರೆ ಕಂಪನಿಯ ಯಂತ್ರದಲ್ಲಿ ಅದೇ ರಕ್ತಕ್ಕೆ ಬೇರೆ ಅಂಕಿ ಬರಬಹುದು. ಸಿಟಿಎಕ್ಸ್ 0.587ರಿಂದ 0.214ಕ್ಕೆ, ಪಿ1ಎನ್‌ಪಿ 68.4ರಿಂದ 30.9ಕ್ಕೆ ಇಳಿದಿತ್ತು. ಅಂದರೆ ಮೊದಲನೆಯದು ಸುಮಾರು ಶೇ. 64, ಎರಡನೆಯದು ಸುಮಾರು ಶೇ. 55. ಒಬ್ಬರಲ್ಲೇ ದಿನದಿಂದ ದಿನಕ್ಕೆ ಆಗುವ ಏರಿಳಿತವನ್ನೂ ಯಂತ್ರದ ಹೆಚ್ಚುಕಡಿಮೆಯನ್ನೂ ಮೀರಿ, ಇದು ಔಷಧಿಯದೇ ಪರಿಣಾಮ ಎನ್ನಬೇಕಾದರೆ ಸಿಟಿಎಕ್ಸ್ ಶೇ. 56ಕ್ಕಿಂತಲೂ ಪಿ1ಎನ್‌ಪಿ ಶೇ. 38ಕ್ಕಿಂತಲೂ ಹೆಚ್ಚು ಇಳಿಯಬೇಕೆಂದು, ಇಂಥ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ತಜ್ಞರ ಗುಂಪು 2017ರಲ್ಲಿ ಹೇಳಿದೆ. ಮೊದಲ ಬೆಳಗಿನ 364ನ್ನೇ ಆಧಾರವಾಗಿ ಇಟ್ಟುಕೊಂಡಿದ್ದರೆ ಸಿಟಿಎಕ್ಸ್ ಇಳಿಕೆ ಶೇ. 41 ಮಾತ್ರ ಆಗುತ್ತಿತ್ತು. ಒಳ್ಳೆಯದಾಗಿ ಕೆಲಸ ಮಾಡುತ್ತಿರುವ ಮಾತ್ರೆಯನ್ನು ನಾವು ಅನುಮಾನದಿಂದ ನೋಡುತ್ತಿದ್ದೆವು, ಬಹುಶಃ ಬದಲಿಸಿಯೂ ಬಿಡುತ್ತಿದ್ದೆವು. ಒಂದು ಲೋಟ ಗಂಜಿ ಮತ್ತು ಎರಡೂವರೆ ಗಂಟೆ ತಡ ಎಂದರೆ ಇಷ್ಟು.

ಮೊದಲ ಲ್ಯಾಬಿಗೆ ನಾನು ಇದನ್ನೆಲ್ಲ ಬರೆದು ತಿಳಿಸಿದೆ. ದುಡ್ಡಿಲ್ಲದೆ ಇನ್ನೊಮ್ಮೆ ಮಾಡಿಕೊಡುತ್ತೇವೆ ಎಂದು ಎರಡು ದಿನದಲ್ಲಿ ಉತ್ತರ ಬಂತು, ಅದನ್ನು ಮೆಚ್ಚುತ್ತೇನೆ. ಆದರೆ ಸಮಯ ಕೇಳಿದಾಗ 7ರಿಂದ 11ರೊಳಗೆ ಎಂದರು, ಹತ್ತರೊಳಗೇ ಬರುತ್ತೇವೆಂದು ಬರೆದುಕೊಡಲು ಒಪ್ಪಲಿಲ್ಲ. ಥೈರಾಯ್ಡ್ ಅಥವಾ ಹಿಮೋಗ್ಲೋಬಿನ್‌ಗೆ ನಾನು ಈಗಲೂ ಅವರನ್ನು ಕರೆಸಬಹುದು, ಸಿಟಿಎಕ್ಸ್‌ಗೆ ಕರೆಸುವುದಿಲ್ಲ. ಹೊರಗೆ ಹೋಗಲಾಗದಷ್ಟು ನಿತ್ರಾಣರಾದವರು ಮನೆಯಲ್ಲಿದ್ದರೆ, ಹೊತ್ತಿನ ಖಾತ್ರಿ ಇಲ್ಲದ ಕಡೆ ಪಿ1ಎನ್‌ಪಿ ಒಂದನ್ನೇ ಮಾಡಿಸಿದರೆ ಸಾಕೇ ಎಂದು ಡಾಕ್ಟರನ್ನು ಕೇಳಿ ನೋಡಬಹುದು.

ಎನ್‌ಎಬಿಎಲ್ ಎಂಬ, ಲ್ಯಾಬುಗಳ ಗುಣಮಟ್ಟ ನೋಡುವ ಸಂಸ್ಥೆಯ ಮಾನ್ಯತೆಯ ಗುರುತು ಎರಡೂ ಲ್ಯಾಬಿನ ವರದಿಯ ಮೇಲಿತ್ತು. ಆ ಮಾನ್ಯತೆ ಲ್ಯಾಬಿನ ಎಲ್ಲ ಪರೀಕ್ಷೆಗಳಿಗೂ ತಾನಾಗಿ ಅನ್ವಯಿಸುವುದಿಲ್ಲ. ಯಾವ ಯಾವ ಪರೀಕ್ಷೆಗೆ ಕೊಟ್ಟಿದ್ದಾರೆ ಎಂಬ ಪಟ್ಟಿ ಇರುತ್ತದೆ, ಅದರಲ್ಲಿ ಸಿಟಿಎಕ್ಸ್ ಇದೆಯೇ ಎಂದು ಕೌಂಟರಿನಲ್ಲಿ ಕೇಳಿದರೆ ಹೇಳಬೇಕು. ಇನ್ನೊಂದು ಗೊಂದಲವೂ ಇದೆ. ಬೋನ್ ಪ್ರೊಫೈಲ್ ಎಂಬ ಹೆಸರಿನಲ್ಲಿ ಕಡಿಮೆ ದರಕ್ಕೆ ಮಾರುವ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ. ಅವೂ ಬೇಕಾದವೇ, ನಮ್ಮ ಡಾಕ್ಟರು ಮೊದಲು ನೋಡಿದ್ದೂ ಹೆಚ್ಚಾಗಿ ಅವನ್ನೇ. ಆದರೆ ಚೀಟಿಯಲ್ಲಿ ಬರೆದ ಸಿಟಿಎಕ್ಸ್, ಪಿ1ಎನ್‌ಪಿ ಅದರೊಳಗೆ ಬಂದಿದೆ ಎಂದುಕೊಂಡು ಮನೆಗೆ ಮರಳಬೇಡಿ. ಹಲ್ಲು ಕೀಳಿಸುವ ಮುನ್ನ ಸಿಟಿಎಕ್ಸ್ 150 ಪಿಕೋಗ್ರಾಂಗಿಂತ ಮೇಲಿರಬೇಕು ಎಂಬ ಮಾತನ್ನು ಅಮ್ಮನಿಗೆ ಯಾರೋ ಹೇಳಿದ್ದರು. 2007ರ ಸುಮಾರಿಗೆ ಅಂಥದ್ದೊಂದು ಸಲಹೆ ಹುಟ್ಟಿದ್ದು ನಿಜ, ಆದರೆ ಇಂಥ ಮಾತ್ರೆ ನುಂಗುವವರಲ್ಲಿ ಹಲ್ಲು ಕಿತ್ತ ಮೇಲೆ ಅಪರೂಪಕ್ಕೆ ಕಾಣುವ ದವಡೆ ಮೂಳೆಯ ತೊಂದರೆಯನ್ನು ಆ ಅಂಕಿಯಿಂದ ಮುಂಗಾಣಬಹುದೆಂಬುದಕ್ಕೆ ಸಾಕಷ್ಟು ಆಧಾರ ಆಮೇಲೆ ಸಿಗಲಿಲ್ಲ.

ಡಾಕ್ಟರು ಮಾತ್ರೆಯನ್ನು ಮುಂದುವರಿಸಿದ್ದಾರೆ. ಮುಂದಿನ ಸಿಟಿಎಕ್ಸ್ ಒಂದು ವರ್ಷಕ್ಕೆ, ಡೆಕ್ಸಾ ಎರಡು ವರ್ಷಕ್ಕೆ. ಹಳೆಯ ಮೂರೂ ವರದಿಗಳನ್ನು ನಾನು ಒಂದೇ ಫೈಲಿಗೆ ಹಾಕಿ, ಪ್ರತಿಯೊಂದರ ಮೇಲೂ ರಕ್ತ ತೆಗೆದ ಹೊತ್ತು, ಹಿಂದಿನ ರಾತ್ರಿ ಊಟ ಮಾಡಿದ ಹೊತ್ತು, ಟ್ಯೂಬಿನ ಮುಚ್ಚಳದ ಬಣ್ಣ ಬರೆದಿಟ್ಟಿದ್ದೇನೆ. ಮೊದಲನೆಯದರ ಮೇಲೆ ಗಂಜಿ ಎಂದು ಅಮ್ಮನೇ ಬರೆದಿದ್ದಾರೆ, ಮುರಿದು ಕೂಡಿದ ಬಲಗೈಯಲ್ಲಿ.